ದಡಿ ಹರಿದ ಸೀರೆ

“ಉಸ್ತಾದ್ರೇ, ಒಂದು ಕೇಳ್ತೀನಿ. ಈ ಊರಾಗ ನನ್ನ ಪರ ಒಬ್ಬರಾದ್ರೂ ಅದಾರೇನು?”

ಕೇಳಿದವಳು ಹುಲಿಗೆಮ್ಮ. ಬುಡೇನ್‌ಸಾಬ್ ಉಸ್ತಾದರ ಗರಡಿಯಲ್ಲಿ ಏಳು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದವಳು. ರಾಜ್ಯಮಟ್ಟದ ಪದಕ ತಂದಾಗ ಊರಿನವರು ಅವಳನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ ಮೆರವಣಿಗೆ ಮಾಡಿದ್ದರು. ಈಗ ದುಡ್ಡು ಕೊಟ್ಟು ಆಡಿಸುವ ಪಂದ್ಯಕ್ಕೆ ಅವಳಿಗೆ ಕರೆ ಬಂದಿತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಮರುದಿನ ಕಳಿಸಬೇಕಿತ್ತು. ಸುದ್ದಿ ಹಬ್ಬಿದ ಕೂಡಲೇ ಅದೇ ಊರು ಬೇರೆ ಮಾತಾಡತೊಡಗಿತು. ಪದಕಕ್ಕೆ ಗುದ್ದಾಡಿದರೆ ಊರಿನ ಮಗಳು, ಕೂಲಿಗೆ ಗುದ್ದಾಡಿದರೆ ಮಾನಗೆಟ್ಟವಳು. ಅವಳು ನಳದ ಬಳಿ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ಅವ್ವ ಮಾತು ಬಿಟ್ಟು ಹದಿನೆಂಟು ದಿನವಾಗಿತ್ತು. ರೊಟ್ಟಿ ಹಾಕಿದ ತಟ್ಟೆಯನ್ನು ಮುಂದೆ ಸರಿಸಿ ಎದ್ದು ಹೋಗುತ್ತಿದ್ದಳು, ಅಷ್ಟೇ.

“ಎಲ್ಲರೂ ಬ್ಯಾಡ ಅಂದ ಮ್ಯಾಲ ನಾ ಒಬ್ಬಾಕಿ ಯಾರ ಸಲುವಾಗಿ ಗುದ್ದಾಡ್ಲಿ? ಆ ಕಾಗದ ಹರದು ಒಗೀತೀನಿ.”

ಉಸ್ತಾದರು ತಗಡಿನ ಟ್ರಂಕಿನ ಪಕ್ಕ ಕೂತು ಹಳೆಯ ಬಟ್ಟೆಯನ್ನು ಉದ್ದುದ್ದ ಪಟ್ಟಿಯಾಗಿ ಹರಿಯುತ್ತಿದ್ದರು. ಶಿಷ್ಯರ ಕೈಗೆ ಸುತ್ತುವ ಪಟ್ಟಿಗಳು ಅವು. ಅಂಗಡಿಯಲ್ಲಿ ಸಿಗುವ ಪಟ್ಟಿಯನ್ನು ಅವರು ಗರಡಿಯ ಹೊಸಿಲು ದಾಟಲು ಬಿಟ್ಟವರಲ್ಲ.

“ಹರಿಯಾಕ ಎಷ್ಟೊತ್ತು ಬೇಕು?” ಎಂದರು. “ಮೊದ್ಲು ಇದನ್ನ ಕೇಳು.”

ಅವರು ಹೇಳಿದ ಕತೆ ಇದು.

ಒಂದು ಊರು. ಯಾವ ಊರೆಂದು ಹೇಳುವುದಿಲ್ಲ. ಹೇಳಿದರೆ ನೀನು ಅಲ್ಲಿಯವರನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡುತ್ತೀಯ. ಆ ಊರಿಗೆ ಒಂದು ಆಟದ ಡೇರೆ ಬಂತು. ಆಗ ನನಗೆ ಇಪ್ಪತ್ತು ವರ್ಷ. ಆ ಕಾಲದ ಡೇರೆ ಎಂದರೆ ಏನೆಂದು ಈಗಿನವರಿಗೆ ಹೇಗೆ ಹೇಳಲಿ! ಡೇರೆಯ ಗಾಡಿ ತಮಟೆ ಬಾರಿಸುತ್ತ ಬೀದಿಗೆ ಬಂದರೆ ಕೈಯ ಕೆಲಸ ಬಿಟ್ಟು ಊರೇ ಬಾಗಿಲಿಗೆ ಬರುತ್ತಿತ್ತು. ಆ ಮೈದಾನದಲ್ಲಿ ಈಗ ಕಲ್ಯಾಣ ಮಂಟಪ ಎದ್ದಿದೆ. ಅಲ್ಲಿ ಮದುವೆ ಊಟಕ್ಕೆ ಕೂತರೂ ನನ್ನ ಕಣ್ಣು ಎಲೆ ಬಿಟ್ಟು ನೆಲ ಹುಡುಕುತ್ತದೆ, ಕಂಬ ನೆಟ್ಟ ಜಾಗ ಯಾವುದಿತ್ತು ಎಂದು.

ಆ ಡೇರೆಯಲ್ಲಿ ಒಬ್ಬ ಹೆಂಗಸಿದ್ದಳು. ಗುದ್ದಾಟವೇ ಅವಳ ಕೆಲಸ. ಸುತ್ತ ಹಗ್ಗ ಕಟ್ಟಿದ ಅಂಕಣದಲ್ಲಿ ನಿಂತು, ಊರಿನ ಯಾವ ಗಂಡಸು ಮುಂದೆ ಬಂದರೂ ಅವನ ಎದುರು ಮೂರು ಸುತ್ತು ಆಡಬೇಕು. ಅದಕ್ಕೆ ಅವಳಿಗೆ ದಿನಗೂಲಿ. ಅದರಲ್ಲೇ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಹಿಂದಿನ ಎರಡು ಊರುಗಳಲ್ಲಿ ಜನ ತಕರಾರು ತೆಗೆದು ಡೇರೆ ಎಬ್ಬಿಸಿದ್ದರು. ಇಲ್ಲಿಯೂ ಹಾಗೇ ಆದರೆ ನಿನ್ನ ದಾರಿ ನೀನು ನೋಡಿಕೋ ಎಂದು ಡೇರೆಯ ಯಜಮಾನ ಅವಳಿಗೆ ಹೇಳಿಬಿಟ್ಟಿದ್ದ.

ಊರಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಡೇರೆ ಎಬ್ಬಿಸಬೇಕೆಂದು ಮೊದಲು ಎದ್ದು ನಿಂತವನು ಅವನೇ. ಹೆಂಗಸು ನಾಲ್ಕು ಜನರ ಮುಂದೆ ಹೊಡೆಯುವುದು, ಹೊಡೆಸಿಕೊಳ್ಳುವುದು, ಅದಕ್ಕೆ ಕೂಲಿ ಬೇರೆ ಎಣಿಸಿಕೊಳ್ಳುವುದು ಊರಿನ ಮರ್ಯಾದೆಗೆ ಕುಂದು ಎಂದ. ಅರ್ಜಿ ಬರೆಸಿ, ಗಂಡಸರಿಂದ ಸಹಿ, ಹೆಬ್ಬೆಟ್ಟು ಹಾಕಿಸತೊಡಗಿದ. ಸಂತೆಯ ದಿನ ತಹಸೀಲ್ದಾರರ ಕೈಗೆ ಅರ್ಜಿ ಕೊಡುವುದೆಂದು ತೀರ್ಮಾನವಾಯಿತು. ಸಂತೆಗೆ ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ದಿನವೂ ವರ್ತಕ ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲೇ ಕೂತ. ಕೆಟ್ಟದ್ದು ಎಷ್ಟು ಕೆಟ್ಟದ್ದೆಂದು ಅವನಿಗೂ ತಿಳಿಯಬೇಡವೇ, ಪಾಪ!

ಗ್ಲೌಸಿನೊಳಗೆ ಕೈಗೆ ಬಟ್ಟೆ ಸುತ್ತಬೇಕು, ಅದು ನಿನಗೆ ಗೊತ್ತಿದ್ದದ್ದೇ. ಹೊಸ ಬಟ್ಟೆ ಚರ್ಮ ಕೊಯ್ಯುತ್ತದೆ. ವರ್ಷಗಟ್ಟಲೆ ಉಟ್ಟು ಒಗೆದು ಮೆತ್ತಗಾದ ನೂಲಿನ ಸೀರೆಯೇ ಆಗಬೇಕು. ಅವಳು ಬೆಳಿಗ್ಗೆ ಹೊಳೆಗೆ ಹೋಗಿ, ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಒಂದು ಹಳೆಯ ಸೀರೆ ಕೇಳಿದಳು. ಯಾರೂ ತಲೆ ಎತ್ತಲಿಲ್ಲ. ಕೆಲವರು ಕಲ್ಲು ಬಿಟ್ಟು ದೂರ ಸರಿದರು. ಶಾಲೆ ಮಾಸ್ತರನ ಹೆಂಡತಿ ಮಾತ್ರ ಅವಳ ಕೈ ನೋಡಿದಳು. ಬೆರಳ ಗೆಣ್ಣುಗಳು ಸುಲಿದು ಕೆಂಪಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಒಂದು ಹಳೆಯ ಸೀರೆ ಹೊಳೆಯ ಕಲ್ಲಿನ ಮೇಲೆ ಮಡಚಿ ಇಟ್ಟಿತ್ತು.

ಡೇರೆಯಲ್ಲಿ ಒಂದು ಪದ್ಧತಿ ಇತ್ತು. ಗ್ಲೌಸು ಹಾಕುವ ಮೊದಲು, ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮೇಲೆತ್ತಿ ನಾಲ್ಕೂ ದಿಕ್ಕಿಗೆ ತೋರಿಸಬೇಕು. ಒಳಗೆ ಕಲ್ಲು, ಕಬ್ಬಿಣ ಏನೂ ಇಟ್ಟಿಲ್ಲವೆಂದು ಜನ ನೋಡಬೇಕು. ಮೊದಲ ಸಂಜೆ ಅವಳು ಹಾಗೆ ಕೈ ಎತ್ತಿದಳು. ಪಟ್ಟಿಯ ಒಂದು ಬದಿಗೆ ಸೀರೆಯ ಅಂಚು, ಅದರ ದಡಿ, ಕಾಣುತ್ತಿತ್ತು. ಆ ಕಾಲದಲ್ಲಿ ಸೀರೆಯ ಗುರುತೆಲ್ಲ ಅದರ ದಡಿಯಲ್ಲೇ ಇರುತ್ತಿತ್ತು, ಒಂದೊಂದು ನಮೂನೆಯ ದಡಿಗೂ ಒಂದು ಹೆಸರಿತ್ತು, ಊರಿನ ಸೀರೆಗಳೆಲ್ಲ ಆ ವರ್ತಕನ ಅಂಗಡಿಯಿಂದಲೇ ಹೋಗುತ್ತಿದ್ದವು. ಅವನು ಎದ್ದು ನಿಂತು ಕೂಗಿದ:

“ಗೋಮಿ ದಡಿ! ಮಾಸ್ತರರ ಮನೀದು! ನಾನ ಕೊಟ್ಟೀನಿ!”

ಡೇರೆಯೆಲ್ಲ ಗೊಳ್ಳೆಂದು ನಕ್ಕಿತು. ಮಾಸ್ತರ ನಡುವೆಯೇ ಎದ್ದು ಮನೆಗೆ ಹೋದ. ಮಾರನೆಯ ಬೆಳಿಗ್ಗೆ ಅವನ ಹೆಂಡತಿ ಹೊಳೆಗೆ ಬರಲಿಲ್ಲ. ಏಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಹೆಂಗಸಿನ ಮೇಲೆ ಕೈ ಎತ್ತುವುದನ್ನು ನೋಡಲಾರೆವೆಂದು ಅರ್ಜಿಗೆ ಸಹಿ ಹಾಕಿದ್ದವರಲ್ಲಿ ಮಾಸ್ತರನೂ ಒಬ್ಬ. ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಎರಡನೆಯ ಸಂಜೆ ಅವಳ ಎದುರು ನಿಂತವನು ನಾನು. ಹೆಂಗಸು, ಒಂದು ಗುದ್ದಿಗೆ ಕೂರುತ್ತಾಳೆ ಎಂದುಕೊಂಡು ಮೀಸೆ ತೀಡಿಕೊಂಡೇ ಹೋಗಿದ್ದೆ. ಅವಳು ಕೈ ಎತ್ತಿ ತೋರಿಸಿದಳು. ಇಂದು ಬೇರೆ ದಡಿ.

“ಇವತ್ತು ಯಾರ ಮನೀದ್ರೀ ಸಾವ್ಕಾರ್ರೇ?” ಎಂದು ಜನ ಹಿಂದಿನಿಂದ ಕೂಗಿದರು.

ವರ್ತಕ ಖುಷಿಯಿಂದ ಮುಂದೆ ಬಾಗಿದ. ನೋಡಿದ. ಹಾಗೇ ಕೂತುಬಿಟ್ಟ.

“ಗೊತ್ತಾಗವಲ್ದು,” ಎಂದ.

ಅದು ಅವನೇ ಇಳಕಲ್ಲಿಗೆ ಹೋಗಿ, ನೇಕಾರನ ಮುಂದೆ ಕೂತು, ತನ್ನ ಮದುವೆಗೆಂದು ಹೇಳಿ ಮಾಡಿಸಿದ ದಡಿ. ಅಂಥದ್ದು ಊರಲ್ಲಿ ಒಂದೇ ಇತ್ತು, ಅವನ ಹೆಂಡತಿಯ ಪೆಟ್ಟಿಗೆಯಲ್ಲಿ. ಇದೊಂದೂ ನನಗೆ ಅಂದು ತಿಳಿಯಲಿಲ್ಲ. ತನ್ನ ಅಂಗಡಿಯ ಯಾವ ದಡಿಯನ್ನೂ ಮರೆಯದ ಮನುಷ್ಯನ ಮುಖ ಹೀಗೇಕೆ ಬಿಳುಚಿತು ಎಂದು ಅವನನ್ನೇ ನೋಡುತ್ತ ನಿಂತೆ. ಗಂಟೆ ಹೊಡೆದದ್ದು ಕಿವಿಗೆ ಬೀಳಲಿಲ್ಲ. ಅವಳ ಗುದ್ದು ಬಿತ್ತು. ಈ ಸೊಟ್ಟ ಮೂಗು ನೋಡು, ಅಂದಿನಿಂದ ಹೀಗೇ ಇದೆ.

ಉಳಿದದ್ದನ್ನು ಆ ವರ್ತಕನ ಹೆಂಡತಿಯೇ ಮುದುಕಿಯಾಗಿ ಹಲ್ಲೆಲ್ಲ ಹೋದ ಮೇಲೆ ಒಂದು ದಿನ ಕಟ್ಟೆಯ ಮೇಲೆ ಕೂತು ನನಗೆ ಹೇಳಿದಳು. ಹೇಳುತ್ತ ಹೇಳುತ್ತ ನಕ್ಕು ಕಣ್ಣೊರೆಸಿಕೊಂಡಳು. ಆ ರಾತ್ರಿ ಊಟಕ್ಕೆ ಕೂತ ವರ್ತಕ ತಲೆ ಎತ್ತದೆ ಕೇಳಿದನಂತೆ:

“ಆ ಸೀರಿ ಯಾಕ ಕೊಟ್ಟಿ?”

“ಮಾಸ್ತರರ ಹೆಂಡತಿ ದಡಿ ನಿಮಗ ಅಷ್ಟು ದೂರದಿಂದ ಗುರುತು ಸಿಕ್ತು. ಸ್ವಂತ ಹೆಂಡತಿದು ಸಿಗತೈತೋ ಇಲ್ಲೋ ನೋಡೂಣು ಅಂತ ಕೊಟ್ಟೆ.”

ವರ್ತಕ ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಮೂರನೆಯ ದಿನ ಹೊಳೆಯ ಕಲ್ಲಿನ ಮೇಲೆ ಹಳೆಯ ಸೀರೆಗಳ ಒಂದು ಗಂಟೇ ಇತ್ತು. ಇಟ್ಟವರು ಯಾರೆಂದು ಯಾರೂ ನೋಡಿರಲಿಲ್ಲ. ಒಂದಕ್ಕೂ ದಡಿ ಇರಲಿಲ್ಲ. ಎರಡೂ ಬದಿಯ ದಡಿಯನ್ನು ನೀಟಾಗಿ ಹರಿದು ತೆಗೆದಿದ್ದರು.

ಆ ಸಂಜೆ ಅವಳು ಕೈ ಎತ್ತಿದಳು. ಬರೀ ಬಟ್ಟೆ. ಯಾರ ಮನೆಯದು ಎಂದು ಹಿಂದಿನಿಂದ ಮತ್ತೆ ಯಾರೋ ಕೂಗಿದರು. ವರ್ತಕ ಬಾಯಿ ಬಿಡಲಿಲ್ಲ. ಕೂತ ಗಂಡಸರೆಲ್ಲ ಆ ಕೈಯನ್ನೇ ನೋಡಿದರು. ಆ ಬಣ್ಣದ ಸೀರೆ ತಮ್ಮ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದದ್ದನ್ನು ಕೊನೆಯ ಸಲ ಯಾವಾಗ ಕಂಡದ್ದು ಎಂದು ಒಬ್ಬೊಬ್ಬನೂ ನೆನಪು ಮಾಡಿಕೊಳ್ಳತೊಡಗಿದ. ಪಕ್ಕದವನನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವನು ತಿರುಗಿ ಕೇಳಿದರೆ ಏನು ಹೇಳುವುದು? ಡೇರೆಯಲ್ಲಿ ಅಂದು ನಗು ಏಳಲಿಲ್ಲ. ಗುದ್ದಿನ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ಆಟ ಎಷ್ಟು ಚೆನ್ನಾಗಿದೆ ಎಂದು ಜನ ನಿಜವಾಗಿ ನೋಡಿದ್ದು ಅಂದೇ.

ನಾಲ್ಕನೆಯ ಸಂಜೆಯೂ ಹಾಗೇ ಕಳೆಯಿತು. ಸಂತೆಯ ದಿನ ಬಂತು. ಅರ್ಜಿ ವರ್ತಕನ ಗಲ್ಲಾಪೆಟ್ಟಿಗೆಯಲ್ಲೇ ಉಳಿಯಿತು. ಅವನು ತೆಗೆಯಲಿಲ್ಲ, ಉಳಿದವರು ಕೇಳಲಿಲ್ಲ. ಅವನ ಮನಸ್ಸು ಬದಲಾಯಿತೆಂದು ತಿಳಿಯಬೇಡ. ಸಾಯುವವರೆಗೂ ಅವನು ಅವಳ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವನಲ್ಲ. ಬಾಯಿ ಮುಚ್ಚಿತು, ಅಷ್ಟೇ. ಅವಳ ಮಕ್ಕಳ ಹೊಟ್ಟೆಗೆ ಅಷ್ಟೇ ಸಾಕಾಗಿತ್ತು.

ಡೇರೆ ಒಂದು ತಿಂಗಳು ನಿಂತು ಹೊರಟಿತು. ಕೊನೆಯ ಗಾಡಿಯಲ್ಲಿ ಅವಳು ಕೂತಿದ್ದಳು. ಗಾಡಿ ಹೊಳೆಯ ದಂಡೆಯ ಮೇಲೆ ಹೋಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅಂದೂ ತಲೆ ಎತ್ತಲಿಲ್ಲ. ಆದರೆ ಗಾಡಿ ತಿರುವು ದಾಟುವ ತನಕ ಒಂದು ಕಲ್ಲಿನ ಮೇಲೂ ಬಟ್ಟೆ ಬಡಿಯುವ ಸದ್ದಿರಲಿಲ್ಲ. ಎಷ್ಟೋ ಪಂದ್ಯದ ಚಪ್ಪಾಳೆ ಮರೆತಿದ್ದೇನೆ. ಆ ಗಳಿಗೆ ಮಾತ್ರ ಈ ವಯಸ್ಸಿನಲ್ಲೂ ಕಿವಿಯಲ್ಲಿದೆ.

ಉಸ್ತಾದರು ಕತೆ ನಿಲ್ಲಿಸಿದರು. ಕೈಯಲ್ಲಿದ್ದ ಬಟ್ಟೆಯೂ ಮುಗಿದಿತ್ತು.

ಹುಲಿಗೆಮ್ಮ ನಿಟ್ಟುಸಿರು ಬಿಟ್ಟಳು. “ಆಕಿ ಪುಣ್ಯಾ ಮಾಡಿದ್ಲು ಬಿಡ್ರಿ. ಆ ಊರಾಗ ಅಂಥಾ ಹೆಣ್ಮಕ್ಕಳಿದ್ರು. ನಮ್ಮ ಊರಾಗ ಎಲ್ಲಿ ಅದಾರ?”

ಉಸ್ತಾದರು ಟ್ರಂಕನ್ನು ಅವಳ ಕಡೆಗೆ ನೂಕಿ, ಇನ್ನೊಂದು ಬಟ್ಟೆ ತೆಗೆದುಕೊಡು ಎಂದು ಕೈಸನ್ನೆ ಮಾಡಿದರು.

ಏಳು ವರ್ಷದಲ್ಲಿ ಅವಳು ಆ ಟ್ರಂಕು ತೆರೆದವಳಲ್ಲ. ಉಸ್ತಾದರು ಹರಿದು ಸುತ್ತಿಟ್ಟ ಪಟ್ಟಿಗಳನ್ನು ತೆಗೆದುಕೊಂಡಿದ್ದಳು, ಅಷ್ಟೇ. ಹಳೆಯ ಬಟ್ಟೆಯನ್ನು ಅವರು ಸಂತೆಯಲ್ಲಿ ಕೊಳ್ಳುತ್ತಾರೆಂದು ತಿಳಿದಿದ್ದಳು. ಈಗ ಮುಚ್ಚಳ ತೆಗೆದಳು. ಒಗೆದು ಮಡಚಿದ ಹತ್ತಾರು ಹಳೆಯ ಸೀರೆಗಳಿದ್ದವು. ಒಂದೊಂದರ ಬದಿ ಎತ್ತಿ ನೋಡಿದಳು. ಯಾವುದಕ್ಕೂ ದಡಿ ಇರಲಿಲ್ಲ.

ಎಲ್ಲಕ್ಕಿಂತ ಮೇಲಿದ್ದದ್ದು ತಿಳಿನೀಲಿ ಸೀರೆ. ಅದರ ನಡುವೆ ಒಲೆಯ ಕಿಡಿ ಬಿದ್ದು ಸುಟ್ಟ ಜಾಗಕ್ಕೆ ತೇಪೆ ಹಾಕಿತ್ತು. ನೀಲಿ ದಾರ ಸಿಗದೆ ಹಸಿರು ದಾರದಲ್ಲಿ ಹೊಲಿದ ತೇಪೆ. ಏಳನೆಯ ಇಯತ್ತೆಯಲ್ಲಿದ್ದಾಗ ಅದನ್ನು ಹೊಲಿದವಳು ಅವಳೇ. ಸೊಟ್ಟ ಹೊಲಿಗೆ ನೋಡಿ ಅವ್ವ ಬೈದಿದ್ದಳು. ಬೈದರೂ ಕಳೆದ ತಿಂಗಳವರೆಗೆ ಅದನ್ನೇ ಉಡುತ್ತಿದ್ದಳು.

ಹುಲಿಗೆಮ್ಮನ ಬೆರಳು ಆ ತೇಪೆಯ ಮೇಲೆಯೇ ನಿಂತಿತು.

“ಉಸ್ತಾದ್ರೇ… ಇದು ನಮ್ಮವ್ವನ ಸೀರಿ ಅಲ್ಲೇನ್ರೀ?”

“ದಡಿ ಇಲ್ಲಲ್ಲ ಮಗಳೇ, ಯಾರ ಮನೀದು ಅಂತ ನಾ ಹೆಂಗ ಹೇಳ್ಲಿ?”

ಹುಲಿಗೆಮ್ಮ ಆ ಸೀರೆಯನ್ನು ಅವರ ಕೈಗಿಟ್ಟು, ಪಟ್ಟಿ ಸುತ್ತಲೆಂದು ಎಡಗೈಯನ್ನು ಅವರ ಮುಂದೆ ಚಾಚಿದಳು.