ಇಪ್ಪತ್ತು ಮೊಳದ ಹಗ್ಗ

ಕಣ್ಣು ಕಾಣದ ಗುರುವೊಬ್ಬರು ದಿನಾ ನಾಲೆಯ ಏರಿ ಮೇಲೆ ಓಡುತ್ತಿದ್ದರು. ಹೆಸರು ಶಿವನಂಜಯ್ಯ. ವಯಸ್ಸು ಎಪ್ಪತ್ತು.

ಹಿಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಕಣ್ಣು ಹೋದ ಮೇಲೆ ನಾಲೆ ಪಕ್ಕದ ಒಂದು ಹಂಚಿನ ಕೋಣೆ, ಒಂದು ಬಾವಿ, ಅಷ್ಟರಲ್ಲೇ ಉಳಿದುಬಿಟ್ಟರು. ಜನ ಅದನ್ನು ಆಶ್ರಮ ಎಂದು ಕರೆದರು. ಅವರು ಹೌದು ಎನ್ನಲಿಲ್ಲ, ಅಲ್ಲ ಎಂದು ಜಗಳವಾಡಲೂ ಹೋಗಲಿಲ್ಲ.

ಅವರಿಗೆ ಒಬ್ಬನೇ ಶಿಷ್ಯ, ಬೋರೇಶ. ಊರಿನ ಹಾಲಿನ ಡೇರಿಯಲ್ಲಿ ಅವನಿಗೆ ಕೆಲಸ. ಜನ ತಂದ ಹಾಲನ್ನು ಮೂಸಿ ನೋಡುವುದು, ಚೆನ್ನಾಗಿದ್ದರೆ ಕ್ಯಾನಿಗೆ ಸುರಿಸುವುದು, ಹುಳಿ ಬಂದಿದ್ದರೆ ವಾಪಸ್ ಕಳಿಸುವುದು. ಊರಿನ ಹೆಂಗಸರೆಲ್ಲ ಅವನ ಮೂಗಿಗೆ ಹೆದರುತ್ತಿದ್ದರು.

ಗುರುವಿನ ಬಲಗೈಗೂ ಶಿಷ್ಯನ ಎಡಗೈಗೂ ನಡುವೆ ಒಂದು ಗೇಣು ದಾರ. ಅದನ್ನು ಹಿಡಿದು ಇಬ್ಬರೂ ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡುತ್ತಿದ್ದರು.

ಮೊದಲ ದಿನವೇ ಗುರು ಹೇಳಿದ್ದರು: "ದಾರ ಎಳೀಬೇಡ. ಬಾಯಿಬಿಟ್ಟು ಹೇಳು. ನಿನ್ನ ಕಣ್ಣಿಗೆ ಕಂಡದ್ದು ನನ್ನ ಕಾಲಿಗೆ ಸಿಗೋ ಮೊದಲು ನನ್ನ ಕಿವಿಗೆ ಬರಬೇಕು."

ಹಾಗೆ ಬೋರೇಶ ಓಡುತ್ತಲೇ ಕೂಗುತ್ತಿದ್ದ. "ಕಲ್ಲು, ಐದು ಹೆಜ್ಜೆ." "ಗುಂಡಿ, ಹತ್ತು ಹೆಜ್ಜೆ." "ಎಮ್ಮೆ, ಎಡಕ್ಕೆ ಬನ್ನಿ."

ಒಂದೇ ಒಂದು ದಿನ ಹೇಳಿರಲಿಲ್ಲ. ಒಳ್ಳೆಯ ವೇಗದಲ್ಲಿದ್ದರು, ದಾರಿಯಲ್ಲೊಂದು ಕಲ್ಲು ಬಂತು. ದಾಟಿಬಿಡುತ್ತಾರೆ ಎಂದುಕೊಂಡ. ಗುರು ಮುಗ್ಗರಿಸಿ ಬಿದ್ದರು.

"ಕಲ್ಲು ಕಂಡಿತ್ತಾ?" ಬಿದ್ದಲ್ಲಿಂದಲೇ ಕೇಳಿದರು.

"ಕಂಡಿತ್ತು ಗುರುಗಳೇ. ನಿಮ್ಮ ಓಟ ಕೆಡಬಾರದು ಅಂತ ಹೇಳ್ನಿಲ್ಲ."

"ಓಟ ಕೆಡಲಿಲ್ಲ ಕಣಪ್ಪ," ಎಂದು ಗುರು ಮೊಣಕಾಲಿನ ರಕ್ತ ಒರೆಸಿಕೊಂಡರು. "ಮಂಡಿ ಕೆಟ್ಟಿತು."

ವರ್ಷಕ್ಕೊಮ್ಮೆ ನಾಲೆ ರಸ್ತೆಯಲ್ಲಿ ಹತ್ತು ಮೈಲಿಯ ಓಟ ನಡೆಯುತ್ತಿತ್ತು. ಓಡುವವರಲ್ಲಿ ಯಾರೂ ದೊಡ್ಡ ಓಟಗಾರರಲ್ಲ. ಕಂಡಕ್ಟರು, ದರ್ಜಿ, ಬ್ಯಾಂಕಿನವರು, ಒಬ್ಬಿಬ್ಬರು ಅಜ್ಜಂದಿರು. ಗುರು ಶಿಷ್ಯರು ಎಂಟು ಸಲ ಓಡಿದ್ದರು.

ಆಮೇಲೆ ಕೊರೊನಾ ಬಂತು. ಓಟ ನಿಂತಿತು.

ಊರಿನ ಇಬ್ಬರು ಹಿರಿಯರು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಏರಿ ಮೇಲೆ ಗುರು ಶಿಷ್ಯರ ನಡುವಿನ ದಾರ ಒಂದು ಗೇಣಿನಿಂದ ಆರಡಿಗೆ ಬೆಳೆಯಿತು. ಬೋರೇಶ ಮಾಸ್ಕಿನ ಒಳಗಿಂದಲೇ ಗಂಟಲು ಹರಿಯುವಂತೆ ಕೂಗಬೇಕಾಯಿತು.

ಹನ್ನೊಂದು ತಿಂಗಳ ನಂತರ ಸುದ್ದಿ ಬಂತು. ಓಟ ಮತ್ತೆ ನಡೆಯುತ್ತದೆ. ಗುಂಪಾಗಿ ನಿಲ್ಲುವಂತಿಲ್ಲ, ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಕಣ್ಣು ಕಾಣದವರಿಗೆ ಜೊತೆಯವರು ಇರಬಹುದು, ನಡುವೆ ಆರಡಿ ದಾರ ಇರಬೇಕು.

ಬೋರೇಶ ಕುಣಿದುಬಿಟ್ಟ.

"ಈ ಸಲ ಓಡಿ ಅಂದಿದ್ದಾರೆ ಡಾಕ್ಟರು," ಎಂದರು ಗುರು. "ಇದೇ ಕೊನೆ ಅಂತೆ. ಎದೆ ಸುಸ್ತಾಗಿದೆ, ಮುಂದಿನ ವರ್ಷದಿಂದ ನಡೆದರೆ ಸಾಕಂತೆ."

ಓಟ ಭಾನುವಾರ. ಶನಿವಾರ ಬೆಳಿಗ್ಗೆ ಡೇರಿಯಲ್ಲಿ ಒಬ್ಬ ಹೆಂಗಸು ಹಾಲು ತಂದಳು. ಬೋರೇಶ ಮಾಸ್ಕು ಸರಿಸಿ ಮೂಸಿದ, ತಲೆಯಾಡಿಸಿದ, ಕ್ಯಾನಿಗೆ ಸುರಿಸಿದ.

ಡೇರಿಯ ಕಾರ್ಯದರ್ಶಿ ದೂರದಿಂದಲೇ ಮುಖ ಕಿವುಚಿದರು. "ಏ ಬೋರೇಶ! ಹುಳಿ ಹಾಲು ಕಣೋ ಅದು! ಇಡೀ ಕ್ಯಾನು ಹಾಳು ಮಾಡಿದೆಯಲ್ಲೋ. ಮೂಗು ಎಲ್ಲಿಟ್ಟಿದ್ದೀಯ?"

ಬೋರೇಶ ಕ್ಯಾನಿನ ಮೇಲೆ ಬಗ್ಗಿದ. ಏನೂ ಇಲ್ಲ, ನೀರು ಮೂಸಿದ ಹಾಗಿತ್ತು.

ಮನೆಗೆ ಹೋಗಿ ಇಂಗಿನ ಡಬ್ಬಿ ತೆರೆದ. ಸೀಮೆಎಣ್ಣೆಯ ಬಾಟಲಿ ಮೂಸಿದ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದ. ಯಾವುದರ ವಾಸನೆಯೂ ಬರಲಿಲ್ಲ.

ಜ್ವರವಿರಲಿಲ್ಲ, ಕೆಮ್ಮೂ ಇರಲಿಲ್ಲ. ಆದರೆ ವಾಸನೆ ಹೋದರೆ ಏನರ್ಥ ಎಂದು ಆ ವರ್ಷ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

ಹೇಳಲೇಬೇಕು ಎಂದುಕೊಂಡೇ ಸಂಜೆ ಏರಿಗೆ ಹೋದ. ಗುರು ಬಾವಿಕಟ್ಟೆಯ ಮೇಲೆ ಕೂತು ಓಟದ ಬೂಟುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಮುಖ ಹಬ್ಬದ ಹಿಂದಿನ ದಿನದ ಮುಖ.

"ಬಂದೆಯಾ? ನೋಡು, ಮಣ್ಣು ಉಳಿದಿದೆಯಾ? ಕೊನೇ ಸಲ ಹಾಕಿಕೊಳ್ಳೋದು, ಚೊಕ್ಕಟವಾಗಿರಲಿ."

ಬೋರೇಶ ಬೂಟು ನೋಡಿದ. "ಚೆನ್ನಾಗವೆ ಗುರುಗಳೇ," ಎಂದ. ದೂರದಲ್ಲೇ ನಿಂತ.

"ಇವತ್ತು ಓಡೋದು ಬೇಡ. ಸುಮ್ಮನೆ ನಡೆಯೋಣ."

ನಡೆದರು. ದಾರ ಆರಡಿಯಷ್ಟೂ ಬಿಗಿಯಾಗಿತ್ತು. ಬೋರೇಶ ಎಂದಿಗಿಂತ ಆಚೆ, ಏರಿಯ ಅಂಚಿನಲ್ಲೇ ಕಾಲಿಡುತ್ತಿದ್ದ.

ನಾಲೆಯ ಆಚೆ ದಡದಲ್ಲಿ ಆಲೆಮನೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಕಾಲ ಅದು. ಹೊಗೆ ನೆಟ್ಟಗೆ ಏಳುತ್ತಿತ್ತು.

"ಆಲೆಮನೆ ಹೇಗಿದೆ ಬೋರೇಶ?" ಗುರು ಕೇಳಿದರು.

ಬೋರೇಶ ಹೊಗೆ ನೋಡಿದ.

"ಘಮ್ ಅಂತದೆ ಗುರುಗಳೇ. ಪಾಕ ಹದಕ್ಕೆ ಬಂದದೆ."

ಗುರುವಿನ ಕಾಲು ಒಂದು ಗಳಿಗೆ ನಿಂತಿತು.

"ಹೌದಾ," ಎಂದರು.

ತಿರುಗಿ ಬಂದು, ದಾರ ಬಿಚ್ಚಿ, ಗೋಡೆ ಸವರುತ್ತಾ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅಷ್ಟರಲ್ಲಿ ಆಲೆಮನೆಯ ಆಳೊಬ್ಬ ಸೈಕಲ್ ತುಳಿಯುತ್ತಾ ಬಂದ. ಮೂಗಿಗೆ ಟವೆಲ್ ಒತ್ತಿ ಹಿಡಿದಿದ್ದ.

"ಒಂದು ಕೊಪ್ಪರಿಗೆ ಪಾಕ ಪೂರ್ತಿ ಸೀದೋಯ್ತು ಕಣಣ್ಣ! ಏನು ಕಮಟು ಅಂತೀಯ! ಊರೆಲ್ಲ ಮೂಗು ಮುಚ್ಕೊಂಡದೆ, ನೀನೇನು ಆರಾಮಾಗಿ ನಿಂತಿದ್ದೀಯ?"

ಬೋರೇಶ ಮುಚ್ಚಿದ ಬಾಗಿಲ ಕಡೆ ನೋಡಿದ. ಗುರುಗಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಬಾಗಿಲು ತಟ್ಟಲು ಕೈ ಎತ್ತಿದ. ತಟ್ಟದೆ ಮನೆಗೆ ಹೋದ.

ಮನುಷ್ಯ ತನಗೆ ತಾನೇ ವಕೀಲನಾದರೆ ಸೋಲುವುದೇ ಇಲ್ಲ. ಬೋರೇಶನೂ ಗೆದ್ದ. ಬಯಲಲ್ಲಿ ಓಡುವುದು, ಗಾಳಿ ಆಡುತ್ತದೆ. ಆರಡಿ ದೂರ ಇದೆ, ಮಾಸ್ಕು ಇದೆ. ಎರಡೂವರೆ ಗಂಟೆಯ ಮಾತು. ಗುರುಗಳ ಕೊನೆಯ ಓಟ ಇದು, ನಾನು ಬಾಯಿಬಿಟ್ಟರೆ ಅವರಿಗೆ ಇನ್ನೊಂದು ಓಟವಿಲ್ಲ. ಅವರಿಗೋಸ್ಕರವೇ ಸುಮ್ಮನಿದ್ದೇನೆ.

ಲಸಿಕೆ ಇನ್ನೂ ಊರಿಗೆ ಬಂದಿರಲಿಲ್ಲ ಎನ್ನುವುದನ್ನು ಮಾತ್ರ ಆ ವಕೀಲ ಎತ್ತಲೇ ಇಲ್ಲ.

ಭಾನುವಾರ ಬೆಳಿಗ್ಗೆ ರಸ್ತೆಯ ಮೇಲೆ ಸುಣ್ಣದ ವೃತ್ತಗಳು. ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರು. ಸೀಟಿ ಊದಿದರೆ ಎಂಜಲು ಹಾರುತ್ತದೆ ಎಂದು ಒಬ್ಬ ಹುಡುಗಿ ಸ್ಟೀಲ್ ತಟ್ಟೆ ಬಡಿದು ಓಟಗಾರರನ್ನು ಬಿಡುತ್ತಿದ್ದಳು. ನಿಮಿಷಕ್ಕೊಂದು ಪೆಟ್ಟು.

ಬೋರೇಶನ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದರು.

"ತೊಂಬತ್ತೇಳು ಪಾಯಿಂಟ್ ಆರು. ನಾರ್ಮಲ್. ಹೋಗಿ."

ಯಂತ್ರವೇ ಹೋಗು ಎಂದ ಮೇಲೆ ತಾನು ಹೇಳುವುದೇನಿದೆ ಎನ್ನಿಸಿತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಗುರು ಆಟೋದಿಂದ ಇಳಿದರು. ಬೂಟು ಹೊಳೆಯುತ್ತಿದ್ದವು. ಹೆಗಲ ಮೇಲೆ ದಪ್ಪನೆಯ ಸುರುಳಿ. ಅವರು ಆಶ್ರಮದ ಬಾವಿಯ ಹಗ್ಗವನ್ನೇ ಬಿಚ್ಚಿ ತಂದಿದ್ದರು.

"ಬೋರೇಶ, ಎಲ್ಲಿದ್ದೀಯ?"

"ಇಲ್ಲಿ, ಗುರುಗಳೇ."

ದನಿ ಬಂದ ಕಡೆಗೆ ಗುರು ಸುರುಳಿ ಎಸೆದರು. ಹಗ್ಗ ಬಿಚ್ಚಿಕೊಂಡು ರಸ್ತೆಯುದ್ದಕ್ಕೂ ಬಿತ್ತು. ಒಂದು ತುದಿ ಅವರ ಕೈಯಲ್ಲೇ ಉಳಿಯಿತು.

"ಆ ತುದಿ ಹಿಡ್ಕೊ. ಇಪ್ಪತ್ತು ಮೊಳ ಇದೆ."

ಬೋರೇಶ ಹಗ್ಗದ ಉದ್ದ ನೋಡಿದ. "ಇಷ್ಟುದ್ದ ಹಗ್ಗದಲ್ಲಿ ಓಡಕ್ಕಾಗಲ್ಲ ಗುರುಗಳೇ."

"ಹಿಡ್ಕೊ."

ಹಿಡಿದುಕೊಂಡ. ತಟ್ಟೆಯ ಹುಡುಗಿ ಓಡಿ ಬಂದಳು.

"ಅಜ್ಜಾ, ಏನಿದು? ಆರಡಿ ದಾರ ಅಂತ ರೂಲ್ಸ್ ಇದೆ. ಇದನ್ನ ಬಿಡೋಕಾಗಲ್ಲ. ಮುಂದಿನ ನಂಬರ್ ನಿಮ್ಮದೇ, ಬೇಗ."

"ಆರಡಿ ಸಾಕೇನಮ್ಮ?"

"ಸಾಕು ಅಜ್ಜಾ. ಡಾಕ್ಟರೇ ಹೇಳಿರೋದು."

"ಡಾಕ್ಟರಿಗಿಂತ ಅವನಿಗೆ ಚೆನ್ನಾಗಿ ಗೊತ್ತು," ಎಂದರು ಗುರು. "ಅವನನ್ನೇ ಕೇಳು."

ಹುಡುಗಿ ತಿರುಗಿದಳು. "ಆರಡಿ ಸಾಕಲ್ವಾ ಸರ್?"

ಬೋರೇಶ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡ.

"ಸರ್, ಇಪ್ಪತ್ತು ಸೆಕೆಂಡ್ ಇದೆ. ಸಾಕಾ?"

ಸುಣ್ಣದ ವೃತ್ತಗಳಲ್ಲಿ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ಹಿಂದಿನಿಂದ ಯಾರೋ "ಹೊರಡ್ರಪ್ಪ" ಎಂದು ಗೊಣಗಿದರು.

ಹೌದು ಎಂದರೆ ಸಾಕಿತ್ತು. ಎರಡೇ ಅಕ್ಷರ, ಆಮೇಲೆ ಹತ್ತು ಮೈಲಿ, ಗುರುಗಳ ಕೊರಳಿಗೆ ಪದಕ. ಬೋರೇಶ ಗುರುವಿನ ಮುಖ ನೋಡಿದ. ಅವರು ತಲೆ ಸ್ವಲ್ಪ ವಾಲಿಸಿ, ಕಿವಿಗೊಟ್ಟು ನಿಂತಿದ್ದರು. ಎಂಟು ವರ್ಷದಿಂದ ಓಡುವಾಗ ಹಾಗೇ ಕಿವಿಗೊಟ್ಟಿದ್ದರು. ಅವನು ಹೇಳಿದ ಕಡೆ ಕಾಲಿಟ್ಟಿದ್ದರು. ಒಂದು ದಿನವೂ ಸಂಶಯಪಟ್ಟಿರಲಿಲ್ಲ.

ಹುಡುಗಿ ತಟ್ಟೆ ಎತ್ತಿದಳು.

"ಗುರುಗಳೇ," ಬೋರೇಶ ಕೂಗಿದ. "ಗುಂಡಿ!"

"ಎಷ್ಟು ಹೆಜ್ಜೆ?" ಗುರು ತಕ್ಷಣ ಕೇಳಿದರು.

"ಇಪ್ಪತ್ತು ಮೊಳ."

ಹುಡುಗಿಯ ಕೈ ಮೇಲೆಯೇ ನಿಂತಿತು.

"ನಂಗೆ ನಿನ್ನೆ ಬೆಳಿಗ್ಗೆಯಿಂದ ವಾಸನೆ ಗೊತ್ತಾಯ್ತಿಲ್ಲ. ಹುಳಿ ಹಾಲು ಗೊತ್ತಾಗ್ನಿಲ್ಲ. ಇಂಗೂ ಗೊತ್ತಾಗ್ನಿಲ್ಲ. ಸಂಜೆ ನಿಮ್ಮ ಹತ್ರ ಸುಳ್ಳು ಹೇಳ್ದೆ."

ಹಣೆಗೆ ಯಂತ್ರ ಹಿಡಿದಿದ್ದವನು ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದ. ವೃತ್ತಗಳು ಒಂದೇ ಸಲಕ್ಕೆ ಖಾಲಿಯಾದವು. ಯಾರೋ ಬೈದರು, ಬೈಯಬೇಕಾದ್ದೇ. ರಸ್ತೆಯ ಮೇಲೆ ಉಳಿದವರು ಇಬ್ಬರು, ನಡುವೆ ಒಂದು ಹಗ್ಗ.

ಗುರು ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ.

"ಯಾಕೆ ಮುಚ್ಚಿಟ್ಟೆ?"

"ನಿಮ್ಮ ಕೊನೇ ಓಟ. ನಿಮಗೋಸ್ಕರ..."

ಮಾತು ಅಲ್ಲೇ ನಿಂತಿತು. ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತಿದ್ದ ಗುರು ನೆನಪಾದರು. ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ.

"ಇಲ್ಲ ಗುರುಗಳೇ. ನಂಗೂ ಓಡ್ಬೇಕಿತ್ತು. ಹನ್ನೊಂದು ತಿಂಗಳು ಕಾದಿದ್ದೆ."

"ಹೂಂ," ಎಂದರು ಗುರು.

ಆಮೇಲೆ ಕೈಯಲ್ಲಿದ್ದ ಹಗ್ಗದ ತುದಿಯನ್ನು ಬಿಟ್ಟುಬಿಟ್ಟರು. ಅದು ರಸ್ತೆಯ ಮೇಲೆ ಸಪ್ಪಳವಿಲ್ಲದೆ ಬಿತ್ತು.

ಬೋರೇಶ ಬಿದ್ದ ತುದಿಯನ್ನೇ ನೋಡಿದ. ಎಂಟು ವರ್ಷ ಮುಗಿಯಿತು ಎಂದುಕೊಂಡ.

ಹುಡುಗಿ ದೂರದಿಂದ ಕೂಗಿದಳು, "ಅಜ್ಜಾ, ನಿಂತ್ಕೊಳ್ಳಿ! ನಿಮ್ಮನ್ನ ಕರ್ಕೊಂಡು ಹೋಗೋಕೆ ಯಾರನ್ನಾದ್ರೂ ಕಳಿಸ್ತೀನಿ."

"ಯಾರೂ ಬೇಡಮ್ಮ," ಎಂದರು ಗುರು. ತಲೆ ವಾಲಿಸಿದರು. "ಬೋರೇಶ, ಆಟೋ ಎಲ್ಲಿದೆ?"

ಬೋರೇಶ ತಲೆ ಎತ್ತಿದ.

"ನಿಮ್ಮ ಬೆನ್ನ ಹಿಂದೆ ಅದೆ ಗುರುಗಳೇ. ಪೂರ್ತಿ ತಿರುಗಿ. ಇನ್ನೂ. ಸಾಕು. ನೇರ ಹದಿನೈದು ಹೆಜ್ಜೆ."

ಗುರು ನಡೆದರು. ಕೈ ಚಾಚಲಿಲ್ಲ, ತಡಕಾಡಲಿಲ್ಲ. ಏರಿ ಮೇಲೆ ನಡೆಯುವ ಹಾಗೆಯೇ ನಡೆದರು.

"ಕಲ್ಲು, ಮೂರು ಹೆಜ್ಜೆ. ಬಲಕ್ಕೆ ಬನ್ನಿ. ಇನ್ನು ನೇರ." ಬೋರೇಶನ ಕಣ್ಣು ಮಂಜಾಗಿತ್ತು. ಒರೆಸಿಕೊಂಡು ಒರೆಸಿಕೊಂಡು ನೋಡಿ ಹೇಳಿದ. "ನಿಲ್ಲಿ. ಎಡಗೈ ಹತ್ರ ಕಂಬಿ ಅದೆ."

ಗುರುವಿನ ಕೈ ಕಂಬಿಯ ಮೇಲೆ ಕೂತಿತು.

ಹಿಂದೆ, ದೂರ ಸರಿದವರು ಅಲ್ಲೇ ಸಾಲಾಗಿ ನಿಂತ ಮೇಲೆ ಮತ್ತೆ ತಟ್ಟೆಯ ಪೆಟ್ಟು ಬಿತ್ತು. ಮುಂದಿನ ನಂಬರಿನವನು ಓಡುತ್ತಾ ಹೋದ. ಗುರು ಆ ಹೆಜ್ಜೆಗಳು ಕೇಳಿಸುವಷ್ಟು ದೂರ ಕೇಳಿಸಿಕೊಂಡರು. ಮುಖದಲ್ಲಿ ಆಸೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

"ನಿಮ್ಮ ಓಟ ನಾನೇ ತಪ್ಪಿಸ್ಬಿಟ್ಟೆ ಗುರುಗಳೇ," ಎಂದು ಬೋರೇಶ ಅತ್ತುಬಿಟ್ಟ. "ಇನ್ಯಾವ ಮುಖ ಇಟ್ಕೊಂಡು ಏರಿಗೆ ಬರ್ಲಿ?"

ಗುರು ಆಟೋದೊಳಗೆ ಕೂತು ಬೂಟಿನ ದಾರ ಬಿಚ್ಚಿಕೊಂಡರು.

"ಮೊದಲು ಆಸ್ಪತ್ರೆಗೆ ಹೋಗು. ಹದಿನೈದು ದಿನ ಕಳೆದ ಮೇಲೆ ಏರಿಗೆ ಬಾ. ಮೂಗು ಬಂದಿರಲಿ, ಬರದೇ ಇರಲಿ. ಆಲೆಮನೆ ಹೇಗಿದೆ ಅಂತ ಮತ್ತೆ ಕೇಳ್ತೀನಿ."