ಸನ್ಮಾನದ ಗ್ಯಾಸ್ಕೆಟ್

ಟೈಲರ್ ಓಬಳೇಶನ ಬೈಕಿನ ಎಂಜಿನ್ ಮುಚ್ಚಳದಡಿ ಎಣ್ಣೆ ತಡೆಯುವ ದಪ್ಪ ಕಾಗದದ ಗ್ಯಾಸ್ಕೆಟ್ ಹರಿದು, ಮನೆ ಓನರ್ ವೃಷಭೇಂದ್ರಪ್ಪನವರ ಹೊಸ ಟೈಲ್ಸ್ ಮೇಲೆ ಎಣ್ಣೆ ಸೋರುತ್ತಿತ್ತು.

"ನಾಳೆ ಒಂದು ತೊಟ್ಟು ಕಂಡರೂ ಬೈಕು ಬೀದಿಗೆ, ಹಿಂದೆಯೇ ನೀನೂ!" ಎಂದು ಗುಡುಗಿದ ಓನರ್, ತಮ್ಮ ಸನ್ಮಾನದ ಆಮಂತ್ರಣ ಪತ್ರಿಕೆಯನ್ನೂ ಕೈಗಿಟ್ಟು ಹೋದರು.

ಅಂದು ಭಾನುವಾರ, ಸ್ಪೇರ್ ಪಾರ್ಟ್ಸ್ ಅಂಗಡಿಗಳೆಲ್ಲ ಮುಚ್ಚಿದ್ದವು. ಓಬಳೇಶ ಆ ದಪ್ಪ ಪತ್ರಿಕೆಯನ್ನು ಬಟ್ಟೆ ನೋಡುವ ಹಾಗೆ ಬೆರಳಲ್ಲಿ ತಿಕ್ಕಿ ನೋಡಿ ನಕ್ಕ. ಮುಚ್ಚಳ ಬಿಚ್ಚಿ ಅದರ ಅಂಚನ್ನು ಪತ್ರಿಕೆಗೆ ಒತ್ತಿದ. ಎಣ್ಣೆಯ ಗುರುತು ಮೂಡಿತು. ಕಾಲರ್ ಕತ್ತರಿಸುವಷ್ಟೇ ನಾಜೂಕಾಗಿ ಕತ್ತರಿಸಿ, ಒಳಗಿಟ್ಟು ಬಿಗಿದ.

ಮರುದಿನ ಬೆಳಿಗ್ಗೆ ಓನರ್ ಬಗ್ಗಿ ಬಗ್ಗಿ ಹುಡುಕಿದರು. ಒಂದು ತೊಟ್ಟೂ ಇಲ್ಲ.

"ಏನಯ್ಯಾ ಹಾಕಿದೆ?"

"ತಮ್ಮ ಪತ್ರಿಕೆನೇ ಸಾರ್. ಬೇರೆಯವರ ತೆಳು ಕಾರ್ಡಾಗಿದ್ದರೆ ತಡೀತಿರಲಿಲ್ಲ."

ಓನರ್ ಮುಖ ಕೆಂಪೇರಿತು. ಮರುಕ್ಷಣವೇ ಎದೆ ಉಬ್ಬಿತು. "ಮತ್ತೇನು! ಆ ಕಾಗದ ನಾನೇ ಆರಿಸಿದ್ದು!"

ಆಮೇಲೆ ದನಿ ತಗ್ಗಿಸಿದರು. "ಇನ್ನೂ ಒಂದು ಕಟ್ಟು ಉಳಿದಿದೆ, ಓಬಳೇಶಪ್ಪ. ನನ್ನ ಸ್ಕೂಟರೂ ಒಂಚೂರು ಸೋರುತ್ತೆ..."