ಮುಂದಿನ ಕೊಕ್ಕೆ

"ಗುರುಗಳೇ, ಎಲ್ಲರ ಕಷ್ಟಕ್ಕೂ ಮೊದಲು ಓಡುವವನು ನಾನು. ಆದರೂ ಈ ಆಶ್ರಮದಲ್ಲಿ ನನ್ನ ಪಕ್ಕ ಬಂದು ಕೂರುವವರು ಒಬ್ಬರೂ ಇಲ್ಲ. ಇದು ಏಕೆ?"

ಹೀಗೆ ಕೇಳಿದವನು ಸೋಮಲಿಂಗ. ಬೆಟ್ಟದ ಬುಡದ ಆ ಆಶ್ರಮದಲ್ಲಿ ಹನ್ನೊಂದು ವರ್ಷದಿಂದ ಇದ್ದ ಶಿಷ್ಯ. ಯಾರಿಗೆ ಜ್ವರ ಬಂದರೂ ಕಷಾಯ ಕಾಸುವವನು ಅವನೇ, ಯಾರ ಸರದಿ ತಪ್ಪಿದರೂ ನೀರು ಹೊರುವವನು ಅವನೇ. ಆ ಬೆಳಿಗ್ಗೆ ಅವನ ಬಲಭುಜ ಉಳುಕಿತ್ತು. ಆದರೂ ಎರಡು ಕೊಡ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಜೊತೆಯವನೊಬ್ಬ ಒಂದು ಕೊಡಕ್ಕೆ ಕೈ ಚಾಚಿದ. "ಬಿಡು, ನನಗೇನಾಗಿದೆ?" ಎಂದು ಸೋಮಲಿಂಗ ಪಕ್ಕಕ್ಕೆ ಸರಿದ. ಕೈ ಚಾಚಿದವನು ಸುಮ್ಮನೆ ತನ್ನ ದಾರಿ ಹಿಡಿದ. ಜಗಲಿಯ ಮೇಲಿದ್ದ ಗುರುಗಳು ಇದನ್ನು ನೋಡಿದ್ದರು.

ಪ್ರಶ್ನೆ ಕೇಳಿದ ಮೇಲೆ ಅವರು ಒಳಗಿನಿಂದ ಎಣ್ಣೆಯ ಬಟ್ಟಲು ತಂದು ಪಕ್ಕದಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ನಾಲ್ಕೈದು ಜೀಪುಗಳು ಹಾರನ್ ಹೊಡೆದುಕೊಂಡು ಬೆಟ್ಟದ ಕಡೆ ಹೋದವು. ಒಳಗಿದ್ದವರು ಕೇಕೆ ಹಾಕಿದರು. ಗುರುಗಳ ಮುಖ ಅರಳಿತು. ಕಾವಿ ಉಡುವ ಮುಂಚೆ ಅವರು ಇಪ್ಪತ್ತು ವರ್ಷ ಜೀಪು ರಿಪೇರಿ ಮಾಡಿದವರು.

"ಕೂತುಕೋ. ಆ ಭುಜಕ್ಕೆ ಎಣ್ಣೆ ಹಚ್ಚಬೇಕು" ಎಂದರು.

"ಭುಜಕ್ಕೇನೂ ಆಗಿಲ್ಲ ಗುರುಗಳೇ."

"ಹಾಗಾದರೆ ಕತೆ ಕೇಳು."

ಒಂದು ಊರಿನಲ್ಲಿ ಒಬ್ಬ ಪಂಪ್‌ಸೆಟ್ ವ್ಯಾಪಾರಿ ಇದ್ದ. ವಾರವಿಡೀ ಪಂಪು, ಪೈಪು, ವಾಲ್ವು. ಭಾನುವಾರ ಬಂತೆಂದರೆ ಜೀಪು. ಡಾಂಬರು ರಸ್ತೆ ಕಂಡರೆ ಅವನಿಗೆ ಆಕಳಿಕೆ ಬರುತ್ತಿತ್ತು. ಕಲ್ಲು, ಕೆಸರು, ಕಡಿದಾದ ಏರು ಕಂಡರೆ ಮೈಯೆಲ್ಲ ಹುರುಪಾಗುತ್ತಿತ್ತು. ಅಂಥದೇ ಹುಚ್ಚಿನವರು ಊರಿನಲ್ಲಿ ಇನ್ನೂ ಐದು ಜನ ಇದ್ದರು. ಆರು ಜೀಪು ಸೇರಿ ಒಂದು ಗುಂಪಾಯಿತು. ವ್ಯಾಪಾರಿಯನ್ನು ಯಾರೂ ಮುಂದಾಳು ಎಂದು ಆರಿಸಲಿಲ್ಲ. ಅವನು ಮುಂದೆ ಹೋದ, ಉಳಿದವರು ಹಿಂದೆ ಬಂದರು, ಅಷ್ಟೇ.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಒಂಬತ್ತು ವರ್ಷಗಳಲ್ಲಿ ಉಳಿದ ಐದೂ ಜೀಪುಗಳನ್ನು ಒಂದಲ್ಲ ಒಂದು ಹಳ್ಳದಿಂದ ಎಳೆದು ದಡ ಮುಟ್ಟಿಸಿದ್ದ. ಸಿಕ್ಕಿಕೊಂಡವರು ಕೂಗುವ ಮೊದಲೇ ಹಗ್ಗ ಹಿಡಿದು ಇಳಿಯುತ್ತಿದ್ದ. ಆದರೆ ಎಳೆದದ್ದನ್ನು ಮರೆಯುವ ಜಾಯಮಾನ ಅವನದಲ್ಲ. ಕಾಫಿಗೆ ಕೂತಾಗೆಲ್ಲ, ಗುಂಪಿನಲ್ಲಿದ್ದ ಶಾಲೆಯ ಡ್ರಿಲ್ ಮೇಷ್ಟ್ರ ಕಡೆ ತಿರುಗಿ, "ಮೇಷ್ಟ್ರೇ, ಅವತ್ತು ಆ ಕೆಸರಲ್ಲಿ ನಾನಿರ್ಲಿಲ್ಲ ಅಂದಿದ್ರೆ ನಿಮ್ಮ ಗತಿ ಏನಾಗ್ತಿತ್ತು?" ಎನ್ನುತ್ತಿದ್ದ. ಮೇಷ್ಟ್ರು ನಗುತ್ತಿದ್ದರು. ನಕ್ಕು, ಲೋಟ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದರು. ವ್ಯಾಪಾರಿಗೆ ಅದು ಕಾಣುತ್ತಿತ್ತು, ನೋವೂ ಆಗುತ್ತಿತ್ತು. ಕಾರಣ ಮಾತ್ರ ತಿಳಿಯುತ್ತಿರಲಿಲ್ಲ.

ಆ ವರ್ಷ ಅವನ ಕಣ್ಣು ಒಂದು ಹೊಸ ಬೆಟ್ಟದ ಮೇಲೆ ಬಿತ್ತು. ತುದಿಯವರೆಗೆ ಹಳೆಯ ಗಾಡಿದಾರಿ ಇತ್ತು. ಗಾಡಿಗಳ ಓಡಾಟ ನಿಂತು ಎಷ್ಟೋ ಕಾಲವಾಗಿತ್ತು. ವ್ಯಾಪಾರಿ ಅರಣ್ಯ ಇಲಾಖೆಯ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿ ಅನುಮತಿ ತಂದ. ಸಿಕ್ಕಿದ್ದು ಒಂದೇ ಒಂದು ದಿನಕ್ಕೆ. ಕಾಗದ ಕೈಗೆ ಬಂದಾಗ ಮೀಸೆ ಹಣ್ಣಾದ ಗಂಡಸು ರಸ್ತೆಯಲ್ಲೇ ಎರಡು ಹೆಜ್ಜೆ ಕುಣಿದ.

ಅಲ್ಲಿಂದ ಆರು ಭಾನುವಾರ ಹೋಟೆಲಿನ ಮಹಡಿಯಲ್ಲಿ ಸಭೆ. ಪಂಪಿನ ಪೆಟ್ಟಿಗೆಯ ರಟ್ಟು ಬಿಡಿಸಿ, ಅದರ ಮೇಲೆ ವ್ಯಾಪಾರಿ ದಾರಿಯನ್ನು ಗೀಚಿದ. ಇಲ್ಲಿ ಹಳ್ಳ, ಇಲ್ಲಿ ಬಂಡೆ, ಇಲ್ಲಿ ಕತ್ತರಿಸಿದ ಹಾಗೆ ತಿರುವು, ಇಲ್ಲಿ ಬುತ್ತಿ. ಯಾರ ಹಿಂದೆ ಯಾರು, ಯಾರ ಗಾಡಿಯಲ್ಲಿ ಗುದ್ದಲಿ, ಯಾರ ಗಾಡಿಯಲ್ಲಿ ಔಷಧಿ, ಎಲ್ಲವೂ ತೀರ್ಮಾನವಾಯಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಉಪ್ಪಿಟ್ಟು ತಣ್ಣಗಾಗುತ್ತಿತ್ತು. ಹೋಟೆಲಿನವ ಬಂದು ಬೈದು ಹೋಗುತ್ತಿದ್ದ.

ಗುಂಪಿನಲ್ಲಿ ಒಬ್ಬಳು ನರ್ಸ್ ಇದ್ದಳು. ತಂದೆ ಬಿಟ್ಟುಹೋದ ಹಳೆಯ ಜೀಪು ಅವಳದು. ಎಲ್ಲಕ್ಕಿಂತ ಕಿರಿದು, ಎಲ್ಲಕ್ಕಿಂತ ನಿಧಾನ. ವ್ಯಾಪಾರಿ ಅವಳ ಹೆಸರನ್ನು ರಟ್ಟಿನ ಕೊನೆಯಲ್ಲಿ ಬರೆದ. "ಸಿಸ್ಟರ್, ನೀವು ಕೊನೇಲಿ ಬನ್ನಿ. ಸಿಕ್ಕಿಕೊಂಡ್ರೆ ಹಾರನ್ ಮಾಡಿ, ನಾನು ಬರ್ತೀನಿ" ಎಂದ. ಅವಳು ತಲೆಯಾಡಿಸಿದಳು.

ಹೊರಡಲು ಇನ್ನು ಎರಡು ವಾರ ಇದೆ ಎನ್ನುವಾಗ ವ್ಯಾಪಾರಿ ತನ್ನ ಜೀಪಿಗೆ ಹೊಸ ಬಂಪರ್ ಮಾಡಿಸಿದ. ಈ ತುದಿಯಿಂದ ಆ ತುದಿಗೆ ನುಣ್ಣನೆಯ ದಪ್ಪ ತಗಡು. ಅದನ್ನು ಕೂರಿಸುವಾಗ ವೆಲ್ಡಿಂಗ್ ಅಂಗಡಿಯವನು ತಲೆ ಕೆರೆದುಕೊಂಡ. ಕೆಸರಿನಲ್ಲಿ ಹೂತ ಜೀಪನ್ನು ಎಳೆಯಲು ಹಗ್ಗ ಸಿಕ್ಕಿಸುವ ಕೊಕ್ಕೆ ಮುಂದೆ ಒಂದು, ಹಿಂದೆ ಒಂದು ಇರುತ್ತದೆ. ಮುಂದಿನದು ತಗಡಿಗೆ ಅಡ್ಡ ಬರುತ್ತಿತ್ತು.

"ಸಾವ್ಕಾರ್ರೇ, ಬಂಪರ್ ಸ್ವಲ್ಪ ಕೊಯ್ದು ಹುಕ್ ಆಚೆಗೆ ಬಿಡ್ಲಾ?"

"ಹೊಸ ಬಂಪರ್ ಕೊಯ್ತೀಯಾ? ಹುಕ್ಕನ್ನೇ ಕೊಯ್ದು ಬಿಸಾಕು. ಹಿಂದಿಂದು ಇರ್ಲಿ. ಬೇರೆಯವರನ್ನ ಎಳೆಯೋಕೆ ಬೇಕು."

ಕೊಕ್ಕೆ ನೆಲಕ್ಕೆ ಬಿತ್ತು. ವ್ಯಾಪಾರಿ ಬಂಪರಿನಲ್ಲಿ ತನ್ನ ಮುಖ ನೋಡಿಕೊಂಡು ಮನೆಗೆ ಹೋದ.

ಆ ದಿನ ಬಂತು. ಬೆಳಗಾಗುತ್ತಿದ್ದಂತೆ ಆರು ಜೀಪು ಸಾಲಾಗಿ ನಿಂತವು. ಕಾಯಿ ಒಡೆದರು, ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟರು. ಅದಾದ ಮೇಲೆ ಗುಂಪಿನ ಒಂದು ಪದ್ಧತಿ ಇತ್ತು. ವ್ಯಾಪಾರಿ ಪ್ರತಿ ಜೀಪಿನ ಮುಂದೆ ಮಂಡಿಯೂರಿ, ಕೊಕ್ಕೆ ಹಿಡಿದು ಬಲವಾಗಿ ಜಗ್ಗಿ, "ಗಟ್ಟಿ ಇದೆ" ಎನ್ನಬೇಕು. ಆಮೇಲೆಯೇ ಗಾಡಿ ಅಲುಗಬೇಕು. ಐದು ಜೀಪುಗಳನ್ನೂ ಹಾಗೆ ನೋಡಿದ. ಅವನ ಜೀಪನ್ನು ನೋಡುವವರು ಯಾರೂ ಇರಲಿಲ್ಲ, ಎಂದೂ ಇರಲಿಲ್ಲ. ಆ ದಿನ ಮಾತ್ರ ನರ್ಸ್ ಬಂದು ಅದರ ಮುಂದೆ ಕೂತು ನುಣ್ಣನೆಯ ತಗಡಿನ ಮೇಲೆ ಕೈಯಾಡಿಸಿದಳು.

"ಅಣ್ಣಾ, ನಿಮ್ಮ ಹುಕ್ ಎಲ್ಲಿ?"

"ಹಿಂದೆ ಇದ್ಯಲ್ಲ ಸಿಸ್ಟರ್."

"ಅದು ನಮ್ಮನ್ನ ಎಳೆಯೋಕೆ. ನಿಮ್ಮನ್ನ ಎಳೆಯೋಕೆ?"

ಎಲ್ಲರೂ ನೋಡುತ್ತಿದ್ದರು. ವ್ಯಾಪಾರಿ ಜೋರಾಗಿ ನಕ್ಕ. "ನನ್ನನ್ನ ಯಾರಾದ್ರೂ ಎಳೆಯೋ ದಿನ ಬಂದ್ರೆ, ಅವತ್ತೇ ಈ ಜೀಪು ಮಾರ್ಬಿಡ್ತೀನಿ!" ಎಂದ. ನಿಂಬೆಹಣ್ಣು ಪಚಪಚ ಎಂದವು. ಆರು ಜೀಪೂ ಹೊರಟವು.

ಆಹಾ, ಆ ಏರು! ಕಲ್ಲಿನ ಮೇಲೆ ಚಕ್ರ ಎದ್ದು ಬಿದ್ದಾಗ ವ್ಯಾಪಾರಿಯ ಎದೆಯೂ ಎದ್ದು ಬಿತ್ತು. ಹಳ್ಳ ದಾಟುವಾಗ ನೀರು ಬಾಗಿಲವರೆಗೆ ಬಂತು. ಬಂಡೆಯ ಹತ್ತಿರ ಮೂರು ಸಲ ಹಿಂದೆ ಸರಿದು ನಾಲ್ಕನೆಯ ಸಲ ಹತ್ತಿದ. ಹಿಂದಿನವರು ಒಬ್ಬೊಬ್ಬರೇ ಹತ್ತಿದಾಗ ಕಿಟಕಿಯಿಂದ ಕೈ ಹೊರಗೆ ಚಾಚಿ ಕೂಗಿದ. ರಟ್ಟಿನ ಮೇಲೆ ಗೀಚಿದ್ದೆಲ್ಲ ನಿಜವಾಗಿ ಎದುರಿಗೆ ಬರುತ್ತಿತ್ತು. ಇದಕ್ಕಿಂತ ದೊಡ್ಡ ಸುಖ ಅವನು ಕಂಡಿರಲಿಲ್ಲ. ಮಧ್ಯಾಹ್ನ ಮಳೆ ಹನಿಯತೊಡಗಿದಾಗ ಅದಕ್ಕೂ ಕೇಕೆ ಹಾಕಿದ.

ತುದಿಗೆ ಇನ್ನು ಒಂದೇ ತಿರುವು. ಅಲ್ಲಿ ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಪ್ರಪಾತ. ವ್ಯಾಪಾರಿ ಜೋರಾಗಿಯೇ ನುಗ್ಗಿದ. ಜೀಪಿನ ಮೂತಿ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತಿತು. ಹಿಂಭಾಗ ಜಾರಿತು. ಹಿಂದಿನ ಒಂದು ಚಕ್ರ ಅಂಚು ದಾಟಿ ಗಾಳಿಯಲ್ಲಿ ನಿಂತಿತು.

ಅವನು ಕೈಬ್ರೇಕು ಎಳೆದ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ಒಂದು ಚಕ್ರ ನೆಲದ ಮೇಲೇ ಇರಲಿಲ್ಲ. ಜೀಪು ಇನ್ನೊಂದು ಗೇಣು ಜಾರಿತು. ಕಾಲಿನ ಬ್ರೇಕನ್ನು ಒತ್ತಿ ಹಿಡಿದ, ನಿಂತಿತು. ಕಾಲು ಎತ್ತಿದರೆ ಜೀಪೂ ಇಲ್ಲ, ಅವನೂ ಇಲ್ಲ. ಬಾಗಿಲು ತೆರೆದು ಹಾರಲೂ ಆಗದು, ಬಾಗಿಲಿನ ಕಡೆಗೇ ಪ್ರಪಾತ.

ಐದು ಜನ ಓಡಿ ಬಂದರು. ಹಿಂದಿನ ಕೊಕ್ಕೆಗೆ ಹಗ್ಗ ಕಟ್ಟಿ ಎಳೆದರೆ ಜೀಪು ನೇರ ಪ್ರಪಾತಕ್ಕೆ. ಮುಂದಿನಿಂದಲೇ ಎಳೆಯಬೇಕು. ನರ್ಸ್ ತನ್ನ ಕಿರಿದಾದ ಜೀಪನ್ನು ಗುಡ್ಡಕ್ಕೆ ಉಜ್ಜಿಕೊಂಡು ಎಲ್ಲ ಜೀಪುಗಳ ಪಕ್ಕದಿಂದ ಮುಂದಕ್ಕೆ ನುಸುಳಿಸಿದಳು. ಬೇರೆ ಯಾವ ಗಾಡಿಯೂ ಅಲ್ಲಿ ಹಿಡಿಸುತ್ತಿರಲಿಲ್ಲ. ಮೇಲಿನ ಕಲ್ಲುನೆಲದ ಮೇಲೆ ನಿಲ್ಲಿಸಿ ಹಗ್ಗ ಎಸೆದಳು. ಹಗ್ಗ ಐದು ಜನರ ಹತ್ತಿರವೂ ಇತ್ತು. ಎಷ್ಟು ಬೇಕೋ ಅಷ್ಟು ಹಗ್ಗ. ಸಿಕ್ಕಿಸುವುದಕ್ಕೆ ಜಾಗ ಇರಲಿಲ್ಲ.

ಡ್ರಿಲ್ ಮೇಷ್ಟ್ರು ಅಂಗಿ ಬಿಚ್ಚಿ ಕೆಸರಿನಲ್ಲಿ ಮಲಗಿದರು. ಬಂಪರಿನ ಕೆಳಗೆ ಕೈ ತೂರಿಸಿ ಕೆಸರು ಬಗೆಯತೊಡಗಿದರು. ಮುಂದಿನ ಚಕ್ರಗಳ ನಡುವಿನ ಅಚ್ಚು ಸಿಕ್ಕಿದರೆ ಅದಕ್ಕೇ ಹಗ್ಗ ಸುತ್ತಬೇಕು.

ವ್ಯಾಪಾರಿಗೆ ಆಗ ಭಯ ಗೊತ್ತಾಯಿತು. ತನ್ನ ಕಾಲು ಜಾರಿದರೆ ಮೇಷ್ಟ್ರ ಕೈ ಅಚ್ಚಿನ ಕೆಳಗೆ.

"ಮೇಷ್ಟ್ರೇ, ಎದ್ದು ಹೋಗಿ! ನಾನೇ ಏನಾದ್ರೂ ಮಾಡ್ಕೋತೀನಿ!"

ಮೇಷ್ಟ್ರು ಕೆಸರಿನಿಂದ ಮುಖ ಎತ್ತಲಿಲ್ಲ. "ನಿಮ್ಮಿಂದ ಒಂದೇ ಒಂದು ಕೆಲ್ಸ ಆಗ್ಬೇಕು ಸಾವ್ಕಾರ್ರೇ. ಬ್ರೇಕ್ ಮೇಲೆ ಕಾಲಿಟ್ಕೊಂಡು ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರುವುದು. ಒಂಬತ್ತು ವರ್ಷಗಳಲ್ಲಿ ವ್ಯಾಪಾರಿ ಮಾಡದೆ ಇದ್ದ ಕೆಲಸ ಅದೊಂದೇ. ಅರ್ಧ ಗಂಟೆ ಕೂತ. ಕಾಲು ನಡುಗಿತು, ಮಂಡಿ ಮರಗಟ್ಟಿತು. ಗಾಜಿನಾಚೆ ಒಬ್ಬರು ದಣಿದು ಎದ್ದರೆ ಇನ್ನೊಬ್ಬರು ಮಲಗುತ್ತಿದ್ದರು. ಗುದ್ದಲಿ ಹಿಡಿಸದ ಕಡೆ ಊಟದ ತಟ್ಟೆಗಳಿಂದ ಕೆಸರು ಎತ್ತುತ್ತಿದ್ದರು. ಒಬ್ಬರೂ ಗೊಣಗಲಿಲ್ಲ. ನುಣ್ಣನೆಯ ಆ ತಗಡಿಗೆ ಬಡಿದು ಮೇಷ್ಟ್ರ ಬೆರಳಿನಿಂದ ರಕ್ತ ಬಂತು. ವ್ಯಾಪಾರಿಯ ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲು ಸ್ಟಿಯರಿಂಗ್ ಬಿಡುವ ಹಾಗಿರಲಿಲ್ಲ.

"ಸಿಕ್ತು!" ಎಂದು ಮೇಷ್ಟ್ರು ಕಿರುಚಿದರು.

ಹಗ್ಗ ಬಿಗಿಯಿತು. ನರ್ಸಿನ ಹಳೆಯ ಜೀಪು ಮೊದಲ ಗೇರಿನಲ್ಲಿ ಗುರುಗುಟ್ಟಿತು. ಕೆಸರು ಒಮ್ಮೆ ಲೊಚಕ್ ಎಂದಿತು. ಗಾಳಿಯಲ್ಲಿದ್ದ ಚಕ್ರ ನೆಲ ಮುಟ್ಟಿತು. ಐದು ಗಂಟಲು ಒಟ್ಟಿಗೆ ಕೂಗಿದ್ದು ಬೆಟ್ಟಕ್ಕೆಲ್ಲ ಕೇಳಿಸಿರಬೇಕು. ವ್ಯಾಪಾರಿಯ ಕೂಗು ಆರನೆಯದು, ಎಲ್ಲಕ್ಕಿಂತ ಜೋರಾದದ್ದು.

ಮಳೆ ನಿಂತಿತು. ಹದಗೆಟ್ಟ ತಿರುವಿಗೆ ಕಲ್ಲು ತುಂಬಿ ಉಳಿದವರೂ ದಾಟಿದರು. ತುದಿಗೆ ಮೊದಲು ತಲುಪಿದ್ದು ನರ್ಸಿನ ಜೀಪು. ವ್ಯಾಪಾರಿ ಎರಡನೆಯವನು. ಅವನು ಇಳಿದು ಒಂದು ಬಂಡೆಯ ಮೇಲೆ ಕುಸಿದು ಕೂತ. ಮೇಷ್ಟ್ರ ಬೆರಳನ್ನೇ ನೋಡಿದ.

ಮೇಷ್ಟ್ರು ಗಂಭೀರವಾಗಿ ಕೇಳಿದರು. "ಸಾವ್ಕಾರ್ರೇ, ಜೀಪು ಏನ್ ರೇಟಿಗೆ ಕೊಡ್ತೀರಿ?"

ಮೊದಲು ನಕ್ಕವನು ವ್ಯಾಪಾರಿ. ಹೊಟ್ಟೆ ಹಿಡಿದು ನಕ್ಕ, ಕಣ್ಣೀರು ಬರುವ ಹಾಗೆ ನಕ್ಕ. ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಒಂಬತ್ತು ವರ್ಷದಲ್ಲಿ ಯಾರೂ ಅವನನ್ನು ಗೇಲಿ ಮಾಡಿರಲಿಲ್ಲ. ಅದು ಇಷ್ಟು ಹಿತವಾಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನರ್ಸ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಡ್ರಿಲ್ ಮೇಷ್ಟ್ರು ತಮ್ಮ ಲೋಟ ಎತ್ತಿಕೊಂಡು ಬಂದು, ಅದೇ ಬಂಡೆಯ ಮೇಲೆ, ಅವನ ಪಕ್ಕದಲ್ಲಿ ಕೂತರು.

ಗುರುಗಳು ಕತೆ ನಿಲ್ಲಿಸಿದರು. ಬೆಟ್ಟದ ಮೇಲಿನಿಂದ ಜೀಪುಗಳ ಹಾರನ್ ಸಣ್ಣಗೆ ಕೇಳುತ್ತಿತ್ತು.

ಸೋಮಲಿಂಗ ಕೇಳಿದ. "ಊರಿಗೆ ಹೋದ ಮೇಲೆ ಅವನು ಕೊಕ್ಕೆ ಹಾಕಿಸಿದನೇ ಗುರುಗಳೇ?"

"ಹಾಕಿಸಿದ" ಎಂದರು ಗುರುಗಳು, ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಈಗ ನಿನ್ನ ಭುಜ ತೋರಿಸು."

ಸೋಮಲಿಂಗ ಹೊದ್ದ ವಸ್ತ್ರ ಸರಿಸಿ, ಬಲಭುಜವನ್ನು ಗುರುಗಳ ಕಡೆ ತಿರುಗಿಸಿ ಕೂತ.